ಗ್ರಾಫ್ ನೋಡಿ ಇಂಗ್ಲಿಷ್‌ನ್ಯಾಗ ಬರಿಯೋದು ಹ್ಯಾಂಗ?

ಹೊರದೇಶದಾಗ ಓದಲಿಕ್ಕೆ ಹೋಗೋರು ಕೊಡೋ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಅಕಾಡೆಮಿಕ್, ಅದ್ರಾಗ ರೈಟಿಂಗ್ ಟಾಸ್ಕ್ 1 ಅಂದ್ರ ಒಂದು ಗ್ರಾಫೋ ಟೇಬಲ್ಲೋ ಕೊಡ್ತಾರ, ಅದ್ರಾಗ ಏನದ ಅಂತ ಸುಮಾರು 20 ನಿಮಿಷದಾಗ ಕನಿಷ್ಠ 150 ಪದ ಬರೀಬೇಕು. ನಮ್ಮ ಕಲಬುರಗಿ ಹುಡುಗರಿಗೆ ಅಂಕಿ ಓದೋದು ಕಷ್ಟ ಆಗಂಗಿಲ್ರಿ, ಬೈ, ಟು, ದ್ಯಾನ್ ಅನ್ನೋ ಸಣ್ಣ ಪದದಾಗ ಸಿಕ್ಕಾಕೊಳ್ತಾರ.

ಮೊದ್ಲು ಪೆನ್ ಕೆಳಗಿಟ್ಟು ಇಸವಿ, ಯುನಿಟ್ ಎರಡೂ ನೋಡ್ರಿ. 2011ರ ಜನಗಣತಿ ಅಂದ್ರ ಮುಗಿದ ಮಾತು, ಅದಕ್ಕ ವಾಸ್, ರೋಸ್ ಬರಬೇಕು, ಈಸ್ ಅಲ್ಲ. ಆಮ್ಯಾಲ ಕಣ್ಣಿಗೆ ಹೊಡಿಯೋ ಸಂಗತಿ ಒಂದೆರಡು ವಾಕ್ಯದಾಗ, ಅಂಕಿ ಇಲ್ದ ಬರೀರಿ, ಅದೇ ಓವರ್‌ವ್ಯೂ.

ಈಗ ಬೈ, ಟು ವಿಷಯ. ಕರ್ನಾಟಕದ ಸಾಕ್ಷರತೆ 2001ರಾಗ 66.64 ಪರ್ಸೆಂಟ್ ಇತ್ತು, 2011ರಾಗ 75.36 ಆತು. ನನ್ನ ಹತ್ರ ಬರೋ ಹುಡುಗಿ ಒಬ್ಬಾಕಿ ನೋಟ್‌ಬುಕ್‌ನ್ಯಾಗ ‘ಇನ್‌ಕ್ರೀಸ್ಡ್ ಬೈ 75.36 ಪರ್ಸೆಂಟ್’ ಅಂತ ಬರ್ದಿದ್ಳು, ಅಂದ್ರ ಇದ್ದದ್ದರ ಮ್ಯಾಲ ಮತ್ತ ಅಷ್ಟು ಕೂಡ್ತು ಅಂತ ಅರ್ಥ ಆಗ್ತದ! ನಾ ಅಕಿಗೆ ಕನ್ನಡದಾಗೇ ಹೇಳು ಅಂದೆ. ‘75ಕ್ಕ ಏರ್ತು’ ಅಂದ್ಳು. ಆ ‘ಕ್ಕ’ ಬಂತಲ್ಲ, ಅದೇ ಟು. ‘ಇಷ್ಟು ಏರ್ತು’ ಅಂದ್ರ ಬೈ. ಹಿಂಗಾಗಿ ‘ರೋಸ್ ಟು 75.36 ಪರ್ಸೆಂಟ್’ ಇಲ್ಲಾ ‘ರೋಸ್ ಬೈ 8.72 ಪರ್ಸೆಂಟೇಜ್ ಪಾಯಿಂಟ್ಸ್’. ಇಲ್ಲಿ ಬರೀ ಪರ್ಸೆಂಟ್ ಅಂದ್ರ ತಪ್ಪು, ಯಾಕಂದ್ರ 66.64ರ ಲೆಕ್ಕಕ್ಕ ಆ ಏರಿಕೆ ಸುಮಾರು 13 ಪರ್ಸೆಂಟ್ ಆಗ್ತದ.

ಹೋಲಿಸೋದಕ್ಕೂ ಕನ್ನಡಾನೇ ದಾರಿ ತೋರಸ್ತದ್ರಿ. 2011ರಾಗ ಬೀದರ ಜಿಲ್ಲಾದ ಸಾಕ್ಷರತೆ 70.51 ಪರ್ಸೆಂಟ್, ಯಾದಗಿರಿ ಜಿಲ್ಲಾದ್ದು 51.83. ನಾವು ‘ಬೀದರದ ಸಾಕ್ಷರತೆ ಯಾದಗಿರಿಗಿಂತ ಹೆಚ್ಚು’ ಅಂತೀವಿ, ಅದನ್ನ ಹಂಗೇ ಇಳಿಸಿದ್ರ ಇಂಗ್ಲಿಷ್‌ನ್ಯಾಗ ಸಾಕ್ಷರತೆನ ಊರಿನ ಜೋಡಿ ತೂಗಿದಂಗ ಆಗ್ತದ. ‘ಯಾದಗಿರಿದಕ್ಕಿಂತ’ ಅಂದು ನೋಡ್ರಿ, ಆ ನಡುವಿನ ‘ದು’ ಬಂತಲ್ಲ, ಅದಕ್ಕೇ ‘ಹೈಯರ್ ದ್ಯಾನ್ ದ್ಯಾಟ್ ಆಫ್ ಯಾದಗಿರಿ’. ಮೋರ್ ಹೈಯರ್ ಅಂತೂ ಎಂದೂ ಬ್ಯಾಡ. ಎಣಿಸೋದಿದ್ರ ನಂಬರ್, ಎಣಿಸಲಾರದ್ದಿದ್ರ ಅಮೌಂಟ್, ಇಷ್ಟು ನೆನಪಿದ್ರ ಸಾಕು.

ಎಲ್ಲಾ ಅಂಕಿ ತುರುಕಬ್ಯಾಡ್ರಿ, ದೊಡ್ಡ ಅಂತರ ಆರಿಸ್ರಿ. ಯಾದಗಿರಿಯೊಳಗ ಗಂಡಸರದ್ದು 62.25, ಹೆಂಗಸರದ್ದು 41.38, ಅಂದ್ರ ಗಂಡಸರದ್ದರ ಹೆಚ್ಚುಕಮ್ಮಿ ಮೂರರಾಗ ಎರಡು ಪಾಲು. ಇಂಥಾದ್ದು ಒಂದು ಹಿಡಿದ್ರ ಪ್ಯಾರಾಕ್ಕ ತೂಕ ಬರ್ತದ. ಇಷ್ಟು ಕಡಿಮಿ ಯಾಕ ಅಂತ ನಿಮಗ ಗೊತ್ತಿರಬಹುದು, ಹೊಟ್ಟಿ ಉರೀತಿರಬಹುದು, ನನಗೂ ಉರೀತದ, ಆದ್ರ ಗ್ರಾಫ್‌ನ್ಯಾಗ ಇಲ್ಲದ ಕಾರಣ ಇಲ್ಲಿ ಬರಿಯಂಗಿಲ್ಲ, ಅಭಿಪ್ರಾಯ ಕೇಳೋದು ಟಾಸ್ಕ್ 2ರಾಗ.