ಊರ ದೇವಿಯನ್ನು ಕಾಗದಕ್ಕಿಳಿಸುವ ಬಗೆ

ಸಾಗರ ಸೀಮೆಯ ನಮ್ಮೂರ ಗುಡಿಯ ಮಹಿಷಮರ್ದಿನಿಯ ಫೋಟೋ ಮನೆಮನೆಯಲ್ಲೂ ಇದೆ. ಒಂದರಲ್ಲೂ ಕಲ್ಲು ಕಾಣದು. ಸೀರೆ, ಬೆಳ್ಳಿ ಮುಖವಾಡ, ಸೇವಂತಿಗೆ. ನಾಳೆ ವಿಗ್ರಹ ಕಳವಾದರೆ 'ಇದು ನಮ್ಮದೇ' ಎನ್ನಲು ಅವು ಸಾಲವು.

ಆದ್ದರಿಂದ ಮೊದಲು ಅರ್ಚಕರನ್ನು ಕೇಳಿ. ಅಭಿಷೇಕ ಮುಗಿದು ಅಲಂಕಾರ ಶುರುವಾಗುವ ಮುಂಚಿನ ಹತ್ತು ನಿಮಿಷ ಸಾಕು. ನಮ್ಮ ಭಟ್ಟರೇ ಟೇಪು ಹಿಡಿದರು, ನಾನು ಹೊಸ್ತಿಲಾಚೆ ನಿಂತು ಬರೆದುಕೊಂಡೆ: ಪೀಠ ಸೇರಿಸಿ ಎತ್ತರ, ಪೀಠ ಬಿಟ್ಟು ಎತ್ತರ, ಅಗಲ.

ಫ್ಲ್ಯಾಶ್ ಬೇಡ. ಎಣ್ಣೆ ಕುಡಿದ ಬಳಪದ ಕಲ್ಲು ಎದುರು ಬೆಳಕಿಗೆ ಬರೀ ಹೊಳೆಯುತ್ತದೆ. ಟಾರ್ಚನ್ನು ಪಕ್ಕದಿಂದ, ಕಲ್ಲನ್ನು ಸವರಿದ ಹಾಗೆ ಬಿಡಿ. ಹಾಗೆ ಬಿಟ್ಟಾಗಲೇ ನಮಗೆ ಕೋಣನ ಎಡಗಿವಿಯ ತುದಿ ಮುರಿದದ್ದು ಕಂಡಿತು. ಆ ಮುಕ್ಕಿನಲ್ಲಿ ಕುಂಕುಮ ಕೂತೂ ಕೂತೂ ಕಿವಿಯ ಆಕಾರವೇ ಬಂದಿತ್ತು. ಇಂಥ ಮುಕ್ಕುಗಳನ್ನು ಹತ್ತಿರದಿಂದ ತೆಗೆಯಿರಿ. ಅವೇ ಗಟ್ಟಿ ಗುರುತು. ಅಕ್ಷರ ಕಂಡರೆ ಉಜ್ಜಬೇಡಿ, ಹುಣಸೆಹಣ್ಣು, ಆಸಿಡ್ ಯಾವುದೂ ಬೇಡ.

ಹೆಸರು ಬರೆಯುವ ಮೊದಲು ಪ್ರತಿ ಕೈಯಲ್ಲಿ ಏನಿದೆ ಎಂದು ಬರೆಯಿರಿ. ಕಾಶಿಯಿಂದ 1913ರ ಸುಮಾರಿಗೆ ಕದ್ದೊಯ್ದ ಅನ್ನಪೂರ್ಣೆಯ ಚಿಕ್ಕ ವಿಗ್ರಹವೊಂದು ಕೆನಡಾದ ಸಂಗ್ರಾಹಕ ನಾರ್ಮನ್ ಮೆಕೆಂಜಿಯ ಕೈಸೇರಿ, ಅವನು ಬರೆದಿಟ್ಟ ಉಯಿಲಿನಂತೆ 1936ರಲ್ಲಿ ಅಲ್ಲಿನ ರೆಜೈನಾ ನಗರದ ಕಲಾಸಂಗ್ರಹಕ್ಕೆ ಹೋಯಿತು. ಅಲ್ಲಿ ಅದನ್ನು ವಿಷ್ಣು ಎಂದುಕೊಂಡಿದ್ದರು! ಕಲಾವಿದೆ ದಿವ್ಯಾ ಮೆಹ್ರಾ ಅನುಮಾನಪಟ್ಟು ಕೆದಕಿದರು. ಒಂದು ಕೈಯಲ್ಲಿ ಪಾಯಸದ ಬಟ್ಟಲು, ಇನ್ನೊಂದರಲ್ಲಿ ಸೌಟು. ತಾಯಿ ಯಾರೆಂದು ಕೈಗಳೇ ಹೇಳಿದವು. 2021ರ ನವೆಂಬರಿನಲ್ಲಿ ಕಾಶಿಗೆ ಮರಳಿದಳು. ನೂರು ವರ್ಷ ಮಿಕ್ಕಿತು ಅಂತ ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಿರಿಯರ ಮಾತನ್ನು 'ಕಂಡದ್ದು', 'ಕೇಳಿದ್ದು' ಎಂದು ಎರಡು ಪುಟ ಮಾಡಿ. ದೇವಿ ಕೆರೆಯಲ್ಲಿ ಸಿಕ್ಕಳು ಎನ್ನುತ್ತಿದ್ದ ನನ್ನ ದೊಡ್ಡಮ್ಮನ ಮಾತು ಎರಡನೆಯ ಪುಟಕ್ಕೆ ಹೋಯಿತು. ಪ್ರಭಾವಳಿ ಹೊಸದಾಗಿ ಕೂಡಿಸಿದ್ದು ಅವರು ಕಣ್ಣಾರೆ ಕಂಡದ್ದು, ಮೊದಲನೆಯದಕ್ಕೆ. ಶಾಸನದ ಸುಳಿವಿಗೆ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾ ನೋಡಿ: ಶಿಕಾರಿಪುರದವರಿಗೆ 1902ರ ಏಳನೆಯ ಸಂಪುಟ, ಸಾಗರ, ಸೊರಬ, ತೀರ್ಥಹಳ್ಳಿಗೆ 1904ರ ಎಂಟನೆಯದು.

ನೂರು ವರ್ಷ ದಾಟಿದ ಶಿಲ್ಪ ಪುರಾತನ ವಸ್ತುಗಳ 1972ರ ಕಾಯ್ದೆಯ ಲೆಕ್ಕದಲ್ಲಿ ಪುರಾತನ ವಸ್ತು. ನೋಂದಣಿಗೆ ಪುರಾತತ್ತ್ವ ಇಲಾಖೆಯವರನ್ನು ವಿಚಾರಿಸುವಾಗ ಈ ಕಾಗದಗಳೇ ನೆರವಿಗೆ ಬರುತ್ತವೆ. ವಾಟ್ಸಾಪಿಗೆ ಮಾತ್ರ ಹಾಕಬೇಡಿ. ಒಂದು ಪ್ರತಿ ಗುಡಿಯ ಪೆಟ್ಟಿಗೆಯಲ್ಲಿ, ಇನ್ನೊಂದು ಊರಾಚೆಯ ನೆಂಟರ ಮನೆಯಲ್ಲಿರಲಿ. ತಾರೀಕು, ಭಟ್ಟರ ಸಹಿ ಮರೆಯಬೇಡಿ.