ಆಲ್ಬಮ್ಮಿಗೆ ಅಂಟಿದ್ದ ಚಿತ್ರ ಪೋಸ್ಟ್‌ಕಾರ್ಡುಗಳನ್ನು ಬಿಡಿಸಿದ ಬಗೆ

ನೆಂಟರು, ಸ್ನೇಹಿತರು ದಶಕಗಳ ಕಾಲ ನಮ್ಮ ಮನೆಗೆ ಕಳುಹಿಸಿದ್ದ ಚಿತ್ರ ಪೋಸ್ಟ್‌ಕಾರ್ಡುಗಳು ಆಲ್ಬಮ್ಮಿನ ಅಂಟುಪುಟಗಳಿಗೆ ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಚಿತ್ರಗಳೇನೋ ಕಾಣುತ್ತಿದ್ದವು, ಆದರೆ ಅಕ್ಕರೆಯಿಂದ ಬರೆದ ಒಕ್ಕಣೆಗಳೆಲ್ಲ ಹಿಂಬದಿಯಲ್ಲಿ ಮರೆಯಾಗಿದ್ದವು. ಮೊದಲ ಕಾರ್ಡನ್ನು ಬೆರಳಿನಿಂದ ಎಳೆದಾಗ ಮೂಲೆಯ ಪದರ ಕಿತ್ತುಬಂದು ಒಂದು ಸಹಿಯೇ ಹೋಯಿತು. ಆ ನೋವು ಇನ್ನೂ ಇದೆ. ಬಳಿಕ ಹಲ್ಲಿನ ಸಂದು ಶುಚಿಗೊಳಿಸುವ, ಮೇಣವಿಲ್ಲದ ಹಲ್ಲುದಾರವನ್ನು (ಡೆಂಟಲ್ ಫ್ಲಾಸ್) ಕಾರ್ಡಿಗೂ ಪುಟಕ್ಕೂ ನಡುವೆ ತೂರಿಸಿ, ಗರಗಸದಂತೆ ಅತ್ತಿತ್ತ ನಿಧಾನವಾಗಿ ಎಳೆಯುತ್ತ ಹೋದೆ. ಕಾರ್ಡನ್ನು ಬಾಗಿಸದೆ ಪುಟವನ್ನೇ ಬಾಗಿಸಿದ್ದರಿಂದ ಉಳಿದವೆಲ್ಲ ಹರಿಯದೆ ಬಿಟ್ಟುಕೊಂಡವು. ನೀರನ್ನು ಮಾತ್ರ ಹತ್ತಿರ ತರಲಿಲ್ಲ, ಏಕೆಂದರೆ ಹಳೆಯ ಶಾಯಿ ತೇವ ತಗುಲಿದರೆ ಹರಡುತ್ತದೆ. ಈಗ ಎರಡೂ ಬದಿ ಓದಲು ಸಿಗುವಂತೆ, ಪಿವಿಸಿ ಎಂಬ ಪ್ಲಾಸ್ಟಿಕ್ ಬಳಸದ ಪಾರದರ್ಶಕ ಪಾಲಿಯೆಸ್ಟರ್ ಲಕೋಟೆಗಳಲ್ಲಿ, ಅಂಚೆಮುದ್ರೆಯ ದಿನಾಂಕದ ಕ್ರಮದಲ್ಲಿ ಅವುಗಳನ್ನು ಇರಿಸಿದ್ದೇನೆ.