ತೊಳೆಯಬೇಡಿ, ಮೊದಲು ನೋಡಿ: ಐದನೇ ಜಾರ್ಜ್ ಬೆಳ್ಳಿ ರೂಪಾಯಿಗೆ ಗ್ರೇಡ್ ಕೊಡುವ ಬಗೆ

ಅಜ್ಜಿಯ ಪೆಟ್ಟಿಗೆಯಲ್ಲೋ ದೇವರ ಮನೆಯ ಡಬ್ಬಿಯಲ್ಲೋ ಕಪ್ಪಗಾದ ಬೆಳ್ಳಿ ರೂಪಾಯಿ ಸಿಕ್ಕರೆ ಕೈ ಮೊದಲು ಹೋಗುವುದು ಹುಣಸೆಹಣ್ಣಿಗೆ, ವಿಭೂತಿಗೆ, ಇಲ್ಲವೇ ಟೂತ್‌ಪೇಸ್ಟಿಗೆ. ಅಲ್ಲಿಗೆ ನಾಣ್ಯ ಕೆಟ್ಟ ಹಾಗೆ. ಆ ಕಪ್ಪು, ಗಂಧಕ ತಗುಲಿ ಬೆಳ್ಳಿಯ ಮೇಲೆ ಕೂತ ತೆಳು ಪೊರೆ ಅಷ್ಟೆ, ಸಂಗ್ರಾಹಕರು ಅದನ್ನು ದೋಷವೆಂದು ಎಣಿಸುವುದಿಲ್ಲ. ಉಜ್ಜಿದಾಗ ಬೀಳುವ ಕೂದಲೆಳೆಯಂಥ ಗೀರುಗಳು ಮಾತ್ರ ಯಾವ ಕಾಲಕ್ಕೂ ಹೋಗುವುದಿಲ್ಲ.

ಗ್ರೇಡ್, ಅಂದರೆ ನಾಣ್ಯದ ಸ್ಥಿತಿಯ ದರ್ಜೆ, ಕೊಡಲು ಬೇಕಾದ್ದು 5ರಿಂದ 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದೇ ಒಂದು ಟೇಬಲ್ ಲ್ಯಾಂಪ್, 0.01 ಗ್ರಾಂ ತೋರಿಸುವ ತಕ್ಕಡಿ. ಟ್ಯೂಬ್‌ಲೈಟ್ ಆರಿಸಿ, ಕೆಳಗೆ ಮೆತ್ತನೆ ಬಟ್ಟೆ ಹಾಸಿ. ನಾಣ್ಯವನ್ನು ಅಂಚಿನಲ್ಲೇ ಹಿಡಿದು ಬೆಳಕಿನಡಿ ಮೆಲ್ಲಗೆ ಓರೆ ಮಾಡುತ್ತಾ ತಿರುಗಿಸಿ. ಚಲಾವಣೆ ಕಾಣದ ನಾಣ್ಯದಲ್ಲಿ ಬೆಳಕಿನ ಪಟ್ಟಿಗಳು ಬಂಡಿಚಕ್ರದ ಅರಗಳ ಹಾಗೆ ಸುತ್ತುತ್ತವೆ. ಪಾಲಿಶ್ ಮಾಡಿದ್ದು ಎಲ್ಲ ಕಡೆ ಒಂದೇ ಸಮ ಮಿನುಗುತ್ತದೆ, ಪಟ್ಟಿ ಓಡುವುದಿಲ್ಲ.

ಆಮೇಲೆ ಸವೆತ. ಮೊದಲು ಸವೆಯುವುದು ಉಬ್ಬಿದ ಜಾಗ: ರಾಜನ ಹುಬ್ಬು, ಕಿವಿ, ಮೀಸೆ, ಕಿರೀಟದ ಮುತ್ತುಗಳು, ನಿಲುವಂಗಿಯ ಮೇಲಿನ ಸರದ ಪುಟ್ಟ ಆನೆ. ಆನೆಯ ಆಕಾರವಷ್ಟೇ ಉಳಿದು ವಿವರ ಅಳಿಸಿದ್ದರೆ ವಿಎಫ್ (ವೆರಿ ಫೈನ್). ಆನೆ, ಸರದ ಕೊಂಡಿ ಎಲ್ಲ ಬಿಡಿಬಿಡಿಯಾಗಿದ್ದು ಮೀಸೆ, ಕಿವಿ ಮಾತ್ರ ಸ್ವಲ್ಪ ಮಟ್ಟಸವಾಗಿದ್ದರೆ ಎಕ್ಸ್‌ಎಫ್ (ಎಕ್ಸ್‌ಟ್ರೀಮ್ಲಿ ಫೈನ್). ಉಬ್ಬಿನ ತುದಿಯಲ್ಲಷ್ಟೇ ಹೊಳಪು ಹೋಗಿದ್ದರೆ ಎಯು (ಅಬೌಟ್ ಅನ್‌ಸರ್ಕ್ಯುಲೇಟೆಡ್, ಬಹುಮಟ್ಟಿಗೆ ಚಲಾವಣೆ ಕಾಣದ್ದು). ಎಲ್ಲೂ ಸವೆತವಿಲ್ಲದಿದ್ದರೆ ಯುಎನ್‌ಸಿ (ಅನ್‌ಸರ್ಕ್ಯುಲೇಟೆಡ್, ಚಲಾವಣೆ ಕಾಣದ್ದು); ಚೀಲದಲ್ಲಿ ಒಂದಕ್ಕೊಂದು ತಾಗಿದ ಸಣ್ಣ ಕಲೆಗಳು ಅದಕ್ಕೂ ಇರುತ್ತವೆ. ನಾಣ್ಯದ ಸ್ಥಿತಿಗೆ 1ರಿಂದ 70ರವರೆಗೆ ಅಂಕ ಕೊಡುವ ಶೆಲ್ಡನ್ ಮಾಪನದಲ್ಲಿ ವಿಎಫ್ 20ರಿಂದ, ಎಕ್ಸ್‌ಎಫ್ 40ರಿಂದ, ಎಯು 50ರಿಂದ, ಯುಎನ್‌ಸಿ 60ರಿಂದ ಶುರು.

ಹೊಸಬರು ಎಡವುವುದು ಇಲ್ಲಿ: ಅಚ್ಚು ಸರಿಯಾಗಿ ಒತ್ತದೆ ಮೀಸೆ ಮಂಕಾಗಿರಬಹುದು. ಆ ಜಾಗದಲ್ಲೂ ಟಂಕಸಾಲೆಯ ಹೊಳಪಿದ್ದರೆ ಅದು ಒತ್ತಿನ ಕೊರತೆ. ಬೂದುಬಣ್ಣಕ್ಕೆ ತಿರುಗಿದ್ದರೆ ಸವೆತ.

ನಮ್ಮ ಕಡೆಯ ರೂಪಾಯಿಗಳಲ್ಲಿ ಇನ್ನೊಂದು ತೊಂದರೆ, ಕೊರಳ ಸರಕ್ಕೆ ಪೋಣಿಸಿದ್ದು. ಅಕ್ಕಸಾಲಿಗರು ಬೆಸೆದ ಕೊಂಡಿಯನ್ನು ಕಿತ್ತು, ಅರ ಹಾಕಿ ನುಣುಪು ಮಾಡಿರುತ್ತಾರೆ. ಅಂಚಿನ ಹಲ್ಲುಗಳನ್ನು, ಮುಖ್ಯವಾಗಿ ಕಿರೀಟದ ಮೇಲ್ಗಡೆ, ಸುತ್ತಲೂ ಎಣಿಸುವ ಹಾಗೆ ನೋಡಿ. ನಾಲ್ಕೈದು ಹಲ್ಲು ಇಲ್ಲದೆ ಬೋಳಾಗಿದ್ದರೆ ಬೆಸುಗೆ ಹಾಕಿದ್ದೆಂದೇ ಲೆಕ್ಕ. ಮುಖ ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಶುದ್ಧ ಗ್ರೇಡ್ (ದೋಷದ ಟಿಪ್ಪಣಿಯಿಲ್ಲದ ಗ್ರೇಡ್) ಸಿಗದು. ಶರಾಫರು (ಹಣ ವಿನಿಮಯದವರು) ಬೆಳ್ಳಿ ಪರೀಕ್ಷಿಸಲು ಹೊಡೆದ ಚಿಕ್ಕ ಮುದ್ರೆಗಳೂ ಬೆಲೆ ಇಳಿಸುತ್ತವೆ.

ಅಸಲಿ ರೂಪಾಯಿ 11.66 ಗ್ರಾಂ, ಶೇ. 91.7 ಬೆಳ್ಳಿ. ಸವೆದದ್ದು ತುಸು ಹಗುರ ಇರುತ್ತದೆ, ಆದ್ದರಿಂದ ತೂಕವೊಂದನ್ನೇ ನಂಬಬೇಡಿ. ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಸುಮಾರು 1.13 ಗ್ರಾಂ ತೋರಿಸಬೇಕು. ನಾಣ್ಯದ ತೂಕವನ್ನು ಇದರಿಂದ ಭಾಗಿಸಿದರೆ 10.3ರ ಆಸುಪಾಸು ಬರುತ್ತದೆ, ಅಂದರೆ ಈ ಬೆಳ್ಳಿ ನೀರಿಗಿಂತ ಅಷ್ಟು ಪಟ್ಟು ಭಾರ. 9ಕ್ಕಿಂತ ಕೆಳಗೆ ಬಂದರೆ ತಾಮ್ರ, ಹಿತ್ತಾಳೆಯ ಸಂಗ. ಮೈಗೆ ಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ, ಒಮ್ಮೆ ಅಲ್ಲಾಡಿಸಿ. ನಂತರ ಒರೆಸದೆ, ಹತ್ತಿಬಟ್ಟೆಯಲ್ಲಿ ಒತ್ತಿ ತೇವ ತೆಗೆಯಿರಿ. ಅಚ್ಚೆರೆದ ನಕಲಿಗೆ ಅಂಚಿನಲ್ಲಿ ಕೂಡುಗೆರೆ, ಮೈಮೇಲೆ ಸೂಜಿಮೊನೆಯಂಥ ಗುಳಿಗಳಿರುತ್ತವೆ.

ಇಸವಿ ನೋಡುವುದು ಇಷ್ಟಾದ ಮೇಲೆ. ಈ ರೂಪಾಯಿಗಳ ಮೇಲಿರುವುದು 1911ರಿಂದ 1922ರವರೆಗಿನ ಇಸವಿಗಳು. ಹಿಂಬದಿಯಲ್ಲಿ ಕೆಳಗಿನ ತಾವರೆಯಡಿ ಉಬ್ಬಿದ ಚುಕ್ಕಿ ಇದ್ದರೆ ಬೊಂಬಾಯಿ ಟಂಕಸಾಲೆಯದು, ಇಲ್ಲದಿದ್ದರೆ ಕಲ್ಕತ್ತಾದ್ದು. 1921, 1922 ಅಪರೂಪ, ಎರಡೂ ಬೊಂಬಾಯಿಯವು. ಚುಕ್ಕಿ ಇಲ್ಲದ 1922 ಯಾರಾದರೂ ತೋರಿಸಿದರೆ ಅಂಕಿಯ ಬುಡವನ್ನು ಭೂತಗನ್ನಡಿಯಲ್ಲಿ ನೋಡಿ, ತಿದ್ದಿದ ಗುರುತು ಸಿಕ್ಕೀತು. 1911ರದ್ದು ‘ಹಂದಿ ರೂಪಾಯಿ’. ಸರದ ಆನೆಯ ಸೊಂಡಿಲು ಮೊಟಕಾಗಿ ಹಂದಿಯಂತೆ ಕಂಡು ಗಲಾಟೆಯಾಗಿ, 1912ರಲ್ಲಿ ಸೊಂಡಿಲು ತಿದ್ದಿದರು.

ಇಡುವಾಗ ಪಿವಿಸಿ ಕವರು ಬೇಡ. ಮಳೆಗಾಲ ಕಳೆಯುವಷ್ಟರಲ್ಲಿ ನಾಣ್ಯದ ಮೇಲೆ ಹಸಿರು ಜಿಗುಟು ಬಿಡುತ್ತದೆ. ಆಗಿಬಿಟ್ಟಿದ್ದರೆ ಶುದ್ಧ ಅಸಿಟೋನ್‌ನಲ್ಲಿ ಅದ್ದಿ ತೆಗೆಯಿರಿ, ಉಜ್ಜಬೇಡಿ. ಬೆಂಕಿ ಹತ್ತಿರ ಇರಬಾರದು. ಮೈಲಾರ್ (ಪಿವಿಸಿಯಲ್ಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಕಿಟಕಿಯ ರಟ್ಟಿನ ಹೋಲ್ಡರು ಸಾಕು, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ. ನಾಣ್ಯ ಹೊರತೆಗೆಯುವ ಮೊದಲು ಸ್ಟೇಪಲ್ ಪಿನ್ನುಗಳನ್ನೆಲ್ಲ ಕಿತ್ತುಬಿಡಿ. ರಾಜನ ಕೆನ್ನೆಗೆ ಗೀರು ಬೀಳುವುದು ಹೆಚ್ಚಾಗಿ ಅದರಿಂದಲೇ. ರಬ್ಬರ್ ಬ್ಯಾಂಡ್ ಹತ್ತಿರವೂ ಸುಳಿಯದಿರಲಿ, ಅದರಲ್ಲಿ ಗಂಧಕವಿದೆ.

ಮಾರಾಟಕ್ಕೆ ಹೊರಟವರಿಗೆ: ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಕಮಿಷನ್ ಮುಂಗಡ ಕೇಳುವ ಕರೆಗಳೆಲ್ಲ ಮೋಸ, ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಇನ್ನು, 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ನೂರು ವರ್ಷ ದಾಟಿದ ನಾಣ್ಯವೂ ಸೇರುತ್ತದೆ, ಅಂಥದ್ದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಮಗನಿಗೆ ನೆನಪಿಗೆಂದು 1918ರ ರೂಪಾಯಿಯನ್ನು ಪಾರ್ಸೆಲ್ ಮಾಡುವ ಹಾಗಿಲ್ಲ.